ಭಾನುವಾರದ ದೊರೆ

"ಒಂದು, ಎರಡು, ಏಳಿ!" ಎಂದು ಅವಳು ಗಂಡನ ಕಂಕುಳಿಗೆ ಕೈ ಹಾಕಿ ಎತ್ತಿದಳು. ಹಿರಿಮಗಳು ಕಾಲು ಹಿಡಿದಳು. ಅವನು ಮಂಚ ಬಿಟ್ಟದ್ದೇನೋ ಹೌದು, ಗಾಲಿಕುರ್ಚಿ ಸೇರಲಿಲ್ಲ. ಅರ್ಧದಲ್ಲೇ ಅವಳ ಸೊಂಟ ಕೈಕೊಟ್ಟಿತು. ಮೂವರೂ ಮಂಚದ ಅಂಚಿಗೆ ಕುಸಿದು ಕೂತರು. "ಸ್ವಲ್ಪ ತಡಿ" ಎಂದು ಹಲ್ಲು ಕಚ್ಚಿ ಉಸಿರು ಬಿಟ್ಟಳು. ಎರಡನೆಯ ಸಲ ಹೇಗೋ ಆಯಿತು. ಅವನ ಬಲಗೈಯನ್ನು ಎತ್ತಿ ತೊಡೆಯ ಮೇಲಿಟ್ಟು, ಬಲಗಾಲನ್ನು ಸರಿಯಾಗಿ ಕೂರಿಸಿ, ಮುಂದೆ ಊಟದ ಹಲಗೆ ಸಿಕ್ಕಿಸುವ ಹೊತ್ತಿಗೆ ಬೆಳಗಿನ ಎಂಟಕ್ಕೇ ಅವಳಿಗೆ ಇಡೀ ದಿನದ ದಣಿವಾಗಿತ್ತು.

ಅವನು ಲಿಫ್ಟ್ ರಿಪೇರಿಯವನು. ಇಪ್ಪತ್ತೆರಡು ವರ್ಷ ಅರ್ಧ ಊರನ್ನೇ ಮೇಲೆ ಕೆಳಗೆ ಓಡಾಡಿಸಿದ ಮನುಷ್ಯನಿಗೆ ಈಗ ಮಂಚದಿಂದ ಕುರ್ಚಿಗೆ ಬರಲು ಇಬ್ಬರು ಬೇಕು. ಹತ್ತು ತಿಂಗಳ ಹಿಂದೆ ಕೈಯಲ್ಲಿ ಸ್ಪ್ಯಾನರ್ ಹಿಡಿದಂತೆಯೇ ಬಿದ್ದವನಿಗೆ ಆಸ್ಪತ್ರೆಯಲ್ಲಿ ಎಚ್ಚರವಾದಾಗ ಬಲಭಾಗದಲ್ಲಿ ಶಕ್ತಿಯಿರಲಿಲ್ಲ, ಬಾಯಲ್ಲಿ ಮಾತಿರಲಿಲ್ಲ. ಹೇಳಲು ಬರುವುದಿಲ್ಲ, ಆದರೆ ಕೇಳಿದ್ದೆಲ್ಲ ತಿಳಿಯುತ್ತದೆ ಎಂದು ಡಾಕ್ಟರು ಹೇಳಿದ್ದರು. ಮನೆಯವರು ಅದನ್ನು ನಂಬಿದ್ದರು, ದಿನದ ಗಡಿಬಿಡಿಯಲ್ಲಿ ಮರೆತೂ ಇದ್ದರು. ಅವನೆದುರಿಗೇ ಅವನ ವಿಷಯ ಮಾತಾಡುವುದು ರೂಢಿಯಾಗಿಬಿಟ್ಟಿತ್ತು.

"ಇವತ್ತು ಅಪ್ಪಾನೇ ದೊರೆ!" ಎಂದು ಕಿರಿಯವಳು, ಎಂಟು ವರ್ಷದ ಪುಟ್ಟಿ, ಕ್ಯಾಲೆಂಡರಿನ ಮುಂದೆ ನಿಂತು ಸಾರಿದಳು.

ಅದು ಆ ಮನೆಯ ಆಟ. ಆರು ದಿನ ಗಡಿಯಾರ ಹೇಳಿದಂತೆ, ಭಾನುವಾರ ಮಾತ್ರ ಸರದಿಯಲ್ಲಿದ್ದವರು ಹೇಳಿದಂತೆ. ಏನು ತಿನ್ನಬೇಕು, ಎಲ್ಲಿಗೆ ಹೋಗಬೇಕು, ಎಲ್ಲ ದೊರೆಯ ಇಷ್ಟ. ದೊರೆಯ ಮಾತಿಗೆ ಎರಡು ಮಾತಿಲ್ಲ. ಹಿರಿಯವಳಿಗೆ ಮಾತು ಬಂದ ವರ್ಷ ಅವನೇ ತಂದ ಕಾನೂನು ಅದು. "ತಿಂಗಳಿಗೊಂದ್ಸಲನಾದ್ರೂ ಮನೇಲಿ ಎಲ್ರ ಮಾತೂ ನಡೀಬೇಕು ಕಣೆ" ಎಂದಿದ್ದ. ಪುಟ್ಟಿ ಐದು ವರ್ಷದವಳಿದ್ದಾಗ, ಅಪ್ಪ ಮೀಸೆ ಬೋಳಿಸಬೇಕು ಎಂದು ಅಪ್ಪಣೆ ಮಾಡಿದಳು. ಮದುವೆಯಲ್ಲೂ ಬೋಳಿಸದ ಮೀಸೆ! ಅವನು ತುಟಿಪಿಟಕ್ಕೆನ್ನದೆ ಹೋಗಿ ಕನ್ನಡಿಯ ಮುಂದೆ ನಿಂತ. ಮರುದಿನ ಕೆಲಸದಲ್ಲಿ ನಕ್ಕವರಿಗೆಲ್ಲ "ಅರಮನೆ ಆರ್ಡರು" ಎಂದನಂತೆ. ಹಿರಿಯವಳು ಒಮ್ಮೆ, ಇಡೀ ದಿನ ಯಾರೂ ಹಾಸಿಗೆ ಬಿಟ್ಟು ಏಳಕೂಡದು ಎಂದಳು. ನಾಲ್ವರೂ ಒಂದೇ ಮಂಚದಲ್ಲಿ ಬ್ರೆಡ್ಡಿನ ಪುಡಿಯ ಮೇಲೆ ಸಂಜೆಯವರೆಗೆ ಹೊರಳಾಡಿ, ನಕ್ಕು ನಕ್ಕು ಹೊಟ್ಟೆ ಹುಣ್ಣಾಗಿತ್ತು.

ಅವನು ಬಿದ್ದ ಮೇಲೂ ಪುಟ್ಟಿ ಹಟ ಹಿಡಿದು ಅವನ ಸರದಿ ಉಳಿಸಿಕೊಂಡಿದ್ದಳು. ಆದರೆ ಆ ಭಾನುವಾರಗಳಲ್ಲಿ ಆಳಿದವಳು ತಾಯಿ. "ಅಪ್ಪಂಗೆ ಮನೇಲೇ ಇರ್ಬೇಕಂತೆ, ಸೂಪ್ ಸಾಕಂತೆ" ಎಂದು ಅವನ ಪರವಾಗಿ ತಾನೇ ಹೇಳಿಬಿಡುತ್ತಿದ್ದಳು. ವಾರವಿಡೀ ಲಾಂಡ್ರಿಯಲ್ಲಿ ಹಬೆಯ ಇಸ್ತ್ರಿಯ ಮುಂದೆ ನಿಂತು ಹೋಟೆಲುಗಳ ಹಾಸುಬಟ್ಟೆ ಮಡಿಸುವವಳಿಗೆ ಭಾನುವಾರ ಬೇಕಾಗಿದ್ದದ್ದೂ ಅಷ್ಟೆ.

"ಈ ಸಲ ನೀನು ಹೇಳ್ಬಾರ್ದಮ್ಮ. ಅಪ್ಪಾನೇ ಹೇಳ್ಬೇಕು."

"ಅಪ್ಪ ಹೇಗೆ ಹೇಳ್ತಾರೆ ಪುಟ್ಟಿ?"

"ಯಾಕೆ, ಕೈ ಇಲ್ವಾ?"

ರಟ್ಟಿನ ಚೂರುಗಳ ಮೇಲೆ ಅವಳು ಚಿತ್ರ ಬರೆದು ತಂದಿದ್ದಳು. ಪಾರ್ಕಿನ ಜಾರುಬಂಡೆ, ಬಸ್ಸು, ಬೇಯಿಸಿದ ಮೊಟ್ಟೆ, ಸಿನಿಮಾ, ಮೀನೋ ಚಪ್ಪಲಿಯೋ ಹೇಳಲಾಗದ ಒಂದು ಮೀನು. ಇಸ್ಪೀಟಿನ ಎಲೆಗಳ ಹಾಗೆ ಒಂದೊಂದಾಗಿ ಹಲಗೆಯ ಮೇಲೆ ಹರಡಿದಳು.

ಹಿರಿಯವಳು ಇದ್ಯಾವುದನ್ನೂ ನೋಡದೆ ಕಿಟಕಿಯ ಹೊರಗೆ ಕಣ್ಣು ನೆಟ್ಟಿದ್ದಳು. ನಿನ್ನೆ ಸಂಜೆ ಅವಳ ಕಾಲೇಜಿನಿಂದ ಫೋನ್ ಬಂದಿತ್ತು. ಎರಡು ತಿಂಗಳಿಂದ ಹಾಜರಿಯಿಲ್ಲ, ಸೋಮವಾರವೂ ಬಾರದಿದ್ದರೆ ಹೆಸರು ತೆಗೆಯುತ್ತೇವೆ ಎಂದಿದ್ದರು. ಹೋಗುವುದಾದರೂ ಹೇಗೆ? ತಾಯಿ ಏಳಕ್ಕೆ ಲಾಂಡ್ರಿಗೆ ಹೊರಟರೆ ಬರುವುದು ಮೂರಕ್ಕೆ. ಅಲ್ಲಿಯವರೆಗೆ ಅಪ್ಪನ ಬಳಿ ಯಾರಾದರೂ ಇರಬೇಕು. ಅಡುಗೆಮನೆಯಲ್ಲಿ ಮಾತಿಗೆ ಮಾತು ಬೆಳೆದಿತ್ತು. "ಇನ್ನೊಂದೇ ಒಂದು ತಿಂಗಳು ನೋಡೋಣ" ಎಂದ ತಾಯಿಗೆ "ಒಂದು ತಿಂಗಳಲ್ಲಿ ಅಪ್ಪ ಎದ್ದು ಓಡಾಡ್ತಾರಾ?" ಎಂದು ಮಗಳು ಕೂಗಿದ್ದಳು. ಆ ಅಡುಗೆಮನೆಗೆ ಬಾಗಿಲಿಲ್ಲ.

ಅವನು ಚಿತ್ರಗಳನ್ನು ಒಂದೂ ಬಿಡದೆ ನೋಡಿದ. ಮೀನಿನ ಮೇಲೆ ಕಣ್ಣು ಸ್ವಲ್ಪ ಹೆಚ್ಚೇ ಹೊತ್ತು ನಿಂತಿತು. ಆಮೇಲೆ ಎಡಗೈಯಿಂದ ಎಲ್ಲವನ್ನೂ ಮೆಲ್ಲಗೆ ಒಟ್ಟುಗೂಡಿಸಿ ಹಲಗೆಯ ಅಂಚಿಗೆ ಸರಿಸಿಬಿಟ್ಟ. ಎರಡು ಕೆಳಗೆ ಬಿದ್ದವು.

"ಯಾವುದೂ ಬೇಡ್ವಾ? ಮತ್ತೆ ಏನು ಬೇಕು?"

ಅವನು ಕೈಯೆತ್ತಿ ಫ್ರಿಜ್ಜಿನ ಕಡೆ ತೋರಿಸಿದ. ಪುಟ್ಟಿ ಬಾಗಿಲು ತೆಗೆದಳು. ಒಳಗಲ್ಲ, ಮೇಲೆ ಎಂಬಂತೆ ಬೆರಳು ಇನ್ನೂ ಮೇಲಕ್ಕೆ ಹೋಯಿತು. ಸ್ಟೂಲು ಹತ್ತಿ ಅವಳು ಟಾರ್ಚು ಎತ್ತಿ ಹಿಡಿದಳು, ಅವನು ತಲೆಯಲ್ಲಾಡಿಸಿದ. ಬಿಸ್ಕತ್ತಿನ ಡಬ್ಬಿ ಎತ್ತಿದಳು, ಮತ್ತೆ ಅಲ್ಲ. ಡಬ್ಬಿಯ ಕೆಳಗಿದ್ದ ಲಕೋಟೆ ಹಿಡಿದಾಗ ಅವನು ಹಲಗೆಯನ್ನು ಅಂಗೈಯಿಂದ ಬಡಿದ.

ತಾಯಿ ತಟ್ಟನೆ ಸ್ಟೂಲಿನ ಕಡೆ ಹೆಜ್ಜೆ ಹಾಕಿದಳು. ಒಂದು ತಿಂಗಳ ಹಿಂದೆ ಆಸ್ಪತ್ರೆಯ ಹೆಂಗಸೊಬ್ಬಳು ಮನೆಗೆ ಬಂದು ಕೊಟ್ಟುಹೋಗಿದ್ದ ಲಕೋಟೆ ಅದು. ಬಸ್ಸಿನಲ್ಲಿ ಎರಡು ಗಂಟೆ ದೂರದಲ್ಲಿ ಇಂಥವರನ್ನು ನೋಡಿಕೊಳ್ಳುವ ಒಂದು ಆರೈಕೆ ಮನೆ ಇದೆ, ಅಲ್ಲೊಂದು ಹಾಸಿಗೆ ಖಾಲಿಯಾಗಿದೆ, ಯೋಚಿಸಿ ಸಹಿ ಮಾಡಿ ಕಳಿಸಿ ಎಂದಿದ್ದಳು. "ನಾನು ಬದುಕಿರೋವರೆಗೂ ಇವರನ್ನ ಎಲ್ಲಿಗೂ ಕಳ್ಸಲ್ಲ. ಇದನ್ನ ಒಲೆಗೆ ಹಾಕ್ತೀನಿ" ಎಂದು ಇವಳು ಅವನ ಮುಂದೆಯೇ ಗುಡುಗಿದ್ದಳು. ಒಲೆಗೆ ಹಾಕಲಿಲ್ಲ. ಮಕ್ಕಳು ಮಲಗಿದ ಮೇಲೆ ತೆಗೆದು ಓದುವಳು, ಮತ್ತೆ ಅಲ್ಲೇ ಇಡುವಳು. ಓದಿ ಓದಿ ಮಡಿಕೆ ಹರಿಯುವಂತಾಗಿತ್ತು. ಗಂಡ ನಿದ್ದೆ ಮಾಡಿದ್ದಾನೆ ಎಂದುಕೊಂಡಿದ್ದಳು.

ಪುಟ್ಟಿ ಆಗಲೇ ಒಳಗಿನ ಫೋಟೋ ಇದ್ದ ಕಾಗದಗಳನ್ನು ಹೊರಗೆಳೆದಿದ್ದಳು. "ಅಬ್ಬಾ, ಎಷ್ಟು ದೊಡ್ಡ ತೋಟ! ಅಪ್ಪ ಇಲ್ಲಿಗೆ ಹೋಗೋಣ ಅಂತಿದಾರೆ ಕಣಮ್ಮ. ತಿಂಡಿ ಕಟ್ಕೊಂಡು ಹೋಗೋಣ್ವಾ?"

ತಾಯಿ ಕುರ್ಚಿಯ ಪಕ್ಕ ಕುಕ್ಕರಿಸಿದಳು. "ರೀ, ಇದೊಂದು ಬಿಟ್ಟು ಬೇರೆ ಏನಾದ್ರೂ ಕೇಳಿ."

ಅವನು ಮತ್ತೆ ಹಲಗೆ ಬಡಿದ.

"ಅಲ್ಲಿ ನಿಮ್ಮೋರು ಅಂತ ಯಾರ್ರೀ ಇದಾರೆ? ಟೀ ಆರಿದ್ರೆ ನಿಮಗಾಗಲ್ಲ ಅಂತ ಯಾರಿಗೆ ಗೊತ್ತು? ಜನ ಏನಂತಾರೆ? ಕಟ್ಕೊಂಡ ಗಂಡನ್ನೇ ಸಾಗಹಾಕಿದ್ಳು ಅನ್ನಲ್ವಾ?"

ಅವನು ಅವಳ ಮುಖ ನೋಡಲಿಲ್ಲ. ಸೊಂಟಕ್ಕೆ ಒತ್ತಿಹಿಡಿದಿದ್ದ ಅವಳ ಕೈ ನೋಡಿದ. ಆಮೇಲೆ ಕಿಟಕಿಯ ಬಳಿ ನಿಂತಿದ್ದ ಹಿರಿಯವಳನ್ನು ನೋಡಿದ. ಆಮೇಲೆ ಕಾಗದವನ್ನು. ಮಾತಿದ್ದಾಗಲೂ ಅವನು ಹೀಗೇ, ಒಂದು ಮಾತಿನಲ್ಲಿ ಮುಗಿಯುವುದಕ್ಕೆ ಎರಡು ಮಾತು ಬಳಸಿದವನಲ್ಲ.

"ಸಾಕು ಈ ಆಟ!" ಅವಳು ದಡಕ್ಕನೆ ಎದ್ದಳು. "ಇವತ್ತಿಂದ ಈ ಮನೇಲಿ ದೊರೆಯೂ ಇಲ್ಲ, ಗಿರೆಯೂ ಇಲ್ಲ."

"ಮೋಸ!" ಪುಟ್ಟಿ ಕಿರುಚಿದಳು. "ನಾನು ಹೇಳಿದಾಗ ಅಪ್ಪ ಮೀಸೆ ಬೋಳಿಸ್ಲಿಲ್ವಾ? ಅವರಿಗೇನು ಇಷ್ಟ ಇತ್ತಾ?"

ಆಗ ಹಿರಿಯವಳು ಬಾಯಿ ಬಿಟ್ಟಳು. "ಬೇಡಮ್ಮ. ಅಪ್ಪ ಇಲ್ಲೇ ಇರ್ಲಿ. ಕಾಲೇಜು ಹೋದ್ರೆ ಹೋಯ್ತು."

ಹೇಳಿದ್ದೇನೋ ಒಳ್ಳೆಯ ಮಾತೇ. ಆದರೆ ಒಂದು ಉಸಿರಿನಷ್ಟು ತಡವಾಗಿ ಬಂತು. ಆ ತಡ ತಾಯಿಗೆ ತಿಳಿಯಿತು, ತಂದೆಗೂ ತಿಳಿಯಿತು. ಹೆತ್ತಪ್ಪನ ಮೇಲೆ ಇಷ್ಟೇನಾ ಪ್ರೀತಿ ಎಂದು ಮಗಳ ಮೇಲೆ ಹರಿಹಾಯಲು ಹೋದವಳಿಗೆ ನಾಲಗೆ ಏಳಲಿಲ್ಲ. ಲಕೋಟೆ ಕಂಡು ಅವನು ಹಲಗೆ ಬಡಿದ ಗಳಿಗೆಯಲ್ಲಿ ಅವಳ ಎದೆಯಲ್ಲಿ ಮೊದಲು ಎದ್ದದ್ದು ದುಃಖವಾಗಿರಲಿಲ್ಲ. ತಲೆಯ ಮೇಲಿನ ಮೂಟೆಯನ್ನು ಯಾರೋ ಇಳಿಸಿದಂಥ ಹಗುರ ಅದು. ದುಃಖ ಬಂದದ್ದು ಆಮೇಲೆ. ಹದಿನೆಂಟು ವರ್ಷ ಒಂದೇ ತಟ್ಟೆಯಲ್ಲಿ ಉಂಡವರ ಹಾಗೆ ಬಾಳಿದ ಮನುಷ್ಯ, ಅವನನ್ನು ಕಳಿಸಲು ನನಗೆ ಇಷ್ಟು ಆತುರವೇ ಎಂದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಅವನು ಬೆರಳು ಜೋಡಿಸಿ ಗಾಳಿಯಲ್ಲಿ ಬರೆದು ತೋರಿಸಿದ. ಪುಟ್ಟಿ ಓಡಿಹೋಗಿ ಪೆನ್ನು ತಂದಳು. ಕಾಗದದ ಕೊನೆಯಲ್ಲಿ ಎರಡು ಗೆರೆಗಳಿದ್ದವು. ಒಂದು ಅವನಿಗೆ, ಇನ್ನೊಂದು ಮನೆಯವರಿಗೆ. ಕಾಗದ ಜಾರದಂತೆ ಹಿಡಿಯಲು ಅವನಿಗೆ ಇನ್ನೊಂದು ಕೈಯಿಲ್ಲ. ಪುಟ್ಟಿಯೇ ಎರಡೂ ಕೈಯಿಂದ ಒತ್ತಿ ಹಿಡಿದಳು. ಎಡಗೈಯಲ್ಲಿ ಅಂಕುಡೊಂಕಾಗಿ ಅವನು ಎಳೆದದ್ದು ಸಹಿಯಂತಿರಲಿಲ್ಲ. ಆದರೂ ಮುಗಿಯುವವರೆಗೆ ಪೆನ್ನು ಎತ್ತಲಿಲ್ಲ. ಆಮೇಲೆ ಪೆನ್ನನ್ನು ಹೆಂಡತಿಯ ಕಡೆಗೆ ಉರುಳಿಸಿದ.

ಉರುಳಿ ಬಂದ ಪೆನ್ನನ್ನು ಅವಳು ಎತ್ತಿಕೊಂಡಳು. ಆಮೇಲೆ ಬಾಗಿ ಸಹಿ ಮಾಡಿದಳು. ಸಹಿ ದುಂಡಗೆ, ಒಂದಿಷ್ಟೂ ನಡುಗದೆ ಬಿದ್ದಿತ್ತು. ಕೈಯಾದರೂ ನಡುಗಬಾರದಿತ್ತೇ ಎನಿಸಿತು.

"ನಾಳೆ ನಾನು ರಜಾ ಹಾಕ್ತೀನಿ. ನೀನು ಕಾಲೇಜಿಗೆ ಹೋಗು" ಎಂದಳು ಹಿರಿಯವಳ ಕಡೆ ತಿರುಗದೆ. ಹಿರಿಯವಳು ಒಳಗೆ ಹೋದಳು.

"ನಾವು ಯಾವಾಗ ಹೋಗೋದು?" ಪುಟ್ಟಿ ಕೇಳಿದಳು.

"ಅವರು ಕರೆದಾಗ. ಅಪ್ಪನ್ನ ಬಿಟ್ಟು ಬರೋಕೆ."

"ಬಿಟ್ಟು ಬರೋಕೆ ಅಂದ್ರೆ?"

ತಾಯಿ ಹೇಳಿದಳು, ಒಂದನ್ನೂ ಮುಚ್ಚಿಡದೆ. ಪುಟ್ಟಿ ಕಾಗದ ಒತ್ತಿ ಹಿಡಿದಿದ್ದ ತನ್ನ ಕೈಗಳನ್ನು ನೋಡಿಕೊಂಡಳು. ಅಳಲಿಲ್ಲ. ಹೋಗಿ ಮೇಜಿನ ಕೆಳಗೆ ಸೇರಿಕೊಂಡವಳು ಊಟಕ್ಕೆ ಕರೆದರೂ ಬರಲಿಲ್ಲ.

ಮಧ್ಯಾಹ್ನ ತಾಯಿ ಎರಡು ಮೊಟ್ಟೆ ಮೆತ್ತಗೆ ಬೇಯಿಸಿ, ಉಪ್ಪು ಹಾಕಿ ಕಲಸಿ, ಕುರ್ಚಿಯ ಮುಂದೆ ಕೂತು ಗಂಡನಿಗೆ ಚಮಚದಲ್ಲಿ ತಿನ್ನಿಸತೊಡಗಿದಳು. ಒಳಗಿನ ಕೋಣೆಯಿಂದ ಸಣ್ಣದೊಂದು ಸದ್ದು ಬರುತ್ತಿತ್ತು. ಹಿರಿಯವಳು ಪುಸ್ತಕದ ಚೀಲದ ಧೂಳು ಕೊಡವುತ್ತಿದ್ದಳು. ಒಮ್ಮೆ ಕೊಡವುವುದು, ನಿಲ್ಲಿಸಿ ಕಿವಿಗೊಡುವುದು, ಮತ್ತೆ ಇನ್ನೂ ಮೆಲ್ಲಗೆ ಕೊಡವುವುದು. ತಾಯಿ ಕೇಳಿಸದವಳಂತೆ ಬಟ್ಟಲು ಕೆರೆದಳು. ಅವನು ಅಗಿಯುವುದನ್ನು ನಿಲ್ಲಿಸಿದ. ಬಾಯಿಯ ಎಡಭಾಗ ನಕ್ಕಿತು. ಬಲಭಾಗದಿಂದ ಮೊಟ್ಟೆಯ ಹಳದಿ ಗಲ್ಲಕ್ಕೆ ಇಳಿಯಿತು. ಅವಳು ಅದನ್ನು ಒರೆಸಿ, ಇನ್ನೊಂದು ಚಮಚ ತುಂಬಿ, ಅವನು ನಕ್ಕು ಮುಗಿಯಲಿ ಎಂದು ಹಿಡಿದುಕೊಂಡು ಕೂತಳು.