ಓಸ್ಟರ್‌ಜೀಲ್ ಮಾರ್ಚಿನ ಎರಡನೆಯ ಪ್ಲೇಟು

೧೯೬೪ರಲ್ಲಿ ಹ್ಯಾಂಬರ್ಗಿನ ನಮ್ಮ ರೆಕಾರ್ಡ್ ಕಂಪನಿ ಹಳೆಯ ಸೈನ್ಯದಳಗಳ ಮಾರ್ಚ್ ಸಂಗೀತವನ್ನು ಸರಣಿಯಾಗಿ ಹೊರತರಲು ಹೊರಟಿತು. ಮೊದಲ ಮಹಾಯುದ್ಧಕ್ಕೆ ಮುಂಚಿನ ಚಕ್ರವರ್ತಿಯ ಕಾಲದಲ್ಲಿ ಹೇಗೆ ನುಡಿಸುತ್ತಿದ್ದರೋ ಹಾಗೆಯೇ, ಒಂದು ಸ್ವರವೂ ಆಚೀಚೆ ಆಗದಂತೆ ಕೊಡುತ್ತೇವೆ ಎಂದು ಜಾಹೀರಾತನ್ನೂ ಹಾಕಿಯಾಗಿತ್ತು. ಎರಡು ಯುದ್ಧ ಸೋತ ದೇಶ; ಒಂದೇ ಮನೆಯಲ್ಲಿ ಅಪ್ಪ ಇಂಥ ಪ್ಲೇಟು ಹಾಕಿದರೆ ಸೈನ್ಯದ ಸಹವಾಸವೇ ಬೇಡವೆಂದು ಮಗ ಎದ್ದು ಹೊರಗೆ ಹೋಗುತ್ತಿದ್ದ ಕಾಲ ಅದು. ಆದರೂ ಕೊಳ್ಳುವವರಿದ್ದರು. ನಾನು ಅಲ್ಲಿ ಟೇಪುಗಳನ್ನು ನೋಡಿಕೊಳ್ಳುತ್ತಿದ್ದೆ.

ಈ ಕೆಲಸದ ಮುಖ್ಯ ಭಾರ ಬಿದ್ದದ್ದು ಫ್ರೀಡ್‌ಲಿಂಡೆ ಬ್ರೋಕ್‌ಮನ್ ಮೇಲೆ. ಮೂವತ್ತನಾಲ್ಕು ವರ್ಷದ ಹೆಂಗಸು, ಕಿವಿ ಬಹಳ ಚುರುಕು. ಸವೆದ ಹಳೆಯ ಪ್ಲೇಟನ್ನು ಹತ್ತಾರು ಸಲ ಕೇಳಿ, ಕರಕರ ಸದ್ದಿನೊಳಗಿಂದ ಒಂದೊಂದು ವಾದ್ಯದ ಭಾಗವನ್ನೂ ಬಿಡಿಸಿ ಕಾಗದಕ್ಕೆ ಇಳಿಸುತ್ತಿದ್ದಳು. ಎರಡನೆಯ ಮಹಾಯುದ್ಧದಲ್ಲಿ ಬಾಂಬು ಬಿದ್ದು ಎಷ್ಟೋ ದಳಗಳ ಸ್ವರಪುಸ್ತಕಗಳು ಸುಟ್ಟುಹೋಗಿದ್ದವು. ಓಸ್ಟರ್‌ಜೀಲ್ ಎಂಬ ಸಮುದ್ರತೀರದ ಊರಿನ ಕಾಲಾಳು ದಳದ ಕತೆಯೂ ಅದೇ. ಅವರ ಮಾರ್ಚನ್ನು ೧೯೧೨ರಲ್ಲಿ ಎರಡು ಪ್ಲೇಟುಗಳಲ್ಲಿ ಮುದ್ರಿಸಿದ್ದರು. ಮೊದಲರ್ಧದ ಪ್ಲೇಟು ನಮಗೆ ಸಿಕ್ಕಿತ್ತು. ಉಳಿದರ್ಧದ್ದು ಎಲ್ಲೂ ಸಿಗಲಿಲ್ಲ.

ಫ್ರೀಡ್‌ಲಿಂಡೆ ಆ ಊರಿನ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟಳು. ಎರಡು ವಾರದ ಮೇಲೆ ಒಂದು ಕಾರ್ಡು ಬಂತು. "ಆ ಬ್ಯಾಂಡಿನಲ್ಲಿ ನಾನಿದ್ದೆ. ಮಧ್ಯಾಹ್ನ ಎರಡರ ಮೇಲೆ ಮನೆಯಲ್ಲಿರುತ್ತೇನೆ. ಓನೊ ವಿಯಾರ್ಡ್ಸ್."

ನಾವಿಬ್ಬರೂ ಹೋದೆವು. ಓನೊನಿಗೆ ಅರವತ್ತೊಂಬತ್ತು. ಮೂವತ್ತು ವರ್ಷ ಕಾಲುವೆಯ ಕದ ತೆಗೆದು ಮುಚ್ಚುವ ಕೆಲಸ ಮಾಡಿ ನಿವೃತ್ತನಾದವನು. ಹೆಂಡತಿ ತೀರಿಕೊಂಡಿದ್ದಳು. ಹಿತ್ತಲಲ್ಲಿ ಎಲೆಕೋಸು ಬೆಳೆದುಕೊಂಡು ಇದ್ದ. ಬಟ್ಟಲಿಗೆ ಕಲ್ಲುಸಕ್ಕರೆ ಹಾಕಿ, ಮೇಲೆ ಚಹಾ ಸುರಿದು, ಕೆನೆ ಬಿಟ್ಟು ನಮ್ಮ ಮುಂದಿಟ್ಟ.

"ಕಲಕಬೇಡಿ, ಈ ಕಡೆ ಹಂಗೇ ಕುಡಿಯೋದು. ಹ್ಯಾಂಬರ್ಗಿನವರು ಬಂದ್ರೆ ಮೊದ್ಲು ಕಲಕೋದೇ" ಎಂದ.

"ಇಲ್ಲ, ವಿಯಾರ್ಡ್ಸ್ ಅವ್ರೇ. ನಮ್ಮಜ್ಜಿ ಈ ಕಡೆಯವ್ಳೇ" ಎಂದಳು ಫ್ರೀಡ್‌ಲಿಂಡೆ.

"ಹಂಗಾದ್ರೆ ಬಚಾವಾದ್ರಿ."

ಮಾರ್ಚಿನ ಎರಡನೆಯ ಭಾಗ ನೆನಪಿದೆಯೇ ಎಂದು ಅವಳು ಕೇಳಿದಳು. ಓನೊ ಅವಳ ಕೈಯಲ್ಲಿದ್ದ ಪೆನ್ಸಿಲನ್ನು ನೋಡಿದ. ಆಮೇಲೆ ಎರಡು ಬೆರಳಿನಲ್ಲಿ ಮೇಜಿನ ಮೇಲೆ ತಾಳ ಹಾಕುತ್ತ ಮೂಗಿನಲ್ಲೇ ಗುನುಗಿದ. ಸಣ್ಣ ಕೊಳಲಿನ ಧಾಟಿ. ಮೇಲಕ್ಕೆ ಹತ್ತಿ, ಇನ್ನೇನು ಇಳಿಯಬೇಕು ಎನ್ನುವಷ್ಟರಲ್ಲಿ ಇಳಿಯದೆ ಪಕ್ಕಕ್ಕೆ ತಿರುಗಿಬಿಡುತ್ತಿತ್ತು. ಅವಳು ಮೂರು ಸಲ ಹಾಡಿಸಿ ಬರೆದುಕೊಂಡಳು. ಮೂರು ಸಲವೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

"ಐವತ್ತು ವರ್ಷ ಆದ್ಮೇಲೂ ಇಷ್ಟು ಚೆನ್ನಾಗಿ ನೆನಪಿಟ್ಕೊಂಡಿದೀರಲ್ಲ!" ಎಂದಳು.

"ಬೇರೇನೂ ನೆನಪಿಲ್ಲ ಕಣಮ್ಮ. ಇದೊಂದಿದೆ" ಎಂದ.

ಮಾರ್ಚ್ ತಿಂಗಳಲ್ಲಿ ಮೂವತ್ತನಾಲ್ಕು ವಾದಕರನ್ನು ಕೂರಿಸಿ ಧ್ವನಿಮುದ್ರಣ ಮಾಡಿದೆವು. ಆ ಕೊಳಲಿನ ಭಾಗ ಬಂದಾಗ ಕಾಯುತ್ತ ಕೂತಿದ್ದ ತುತ್ತೂರಿಯವರೂ ಹರಟೆ ನಿಲ್ಲಿಸಿ ಕೇಳಿದರು. ಸರಣಿಯ ಹೊಣೆ ಹೊತ್ತಿದ್ದ ಡೆಟ್ಲೆಫ್ ಹಾರ್ಬೆಕ್ ಅದನ್ನೇ ಪ್ಲೇಟಿನ ಮೊದಲಿಗೆ ಹಾಕೋಣ ಎಂದ.

ಅಚ್ಚಿಗೆ ಕಳಿಸಲು ಒಂಬತ್ತು ದಿನ ಇದ್ದಾಗ ಹಾಲೆಂಡಿನಿಂದ ಒಂದು ಪೊಟ್ಟಣ ಬಂತು. ಯಾರೋ ಹಲ್ಲಿನ ಡಾಕ್ಟರು, ಹಳೆಯ ಪ್ಲೇಟುಗಳನ್ನು ಕೂಡಿಡುವವರು, ನಮ್ಮ ಹುಡುಕಾಟದ ಸುದ್ದಿ ಕೇಳಿ ಓಸ್ಟರ್‌ಜೀಲ್ ಮಾರ್ಚಿನ ಎರಡನೆಯ ಪ್ಲೇಟನ್ನು ಹತ್ತಿಯಲ್ಲಿ ಸುತ್ತಿ ಕಳಿಸಿದ್ದರು. ಹಾಕಿ ಕೇಳಿದೆವು. ಕೊಳಲೇ ಇಲ್ಲ. ದಪ್ಪ ತುತ್ತೂರಿಗಳು ಏದುಸಿರು ಬಿಡುತ್ತ ಅದದನ್ನೇ ನಾಲ್ಕು ಸಲ ಊದಿ ಮುಗಿಸಿದವು.

ಹಾರ್ಬೆಕ್ ಮುಖ ಕೆಂಪಗಾಯಿತು. "ಒಂದು ಸ್ವರವೂ ಆಚೀಚೆ ಆಗಲ್ಲ ಅಂತ ಊರಿಗೆಲ್ಲ ಸಾರಿದೀವಿ. ಆ ಮುದುಕ ನಮ್ಮ ಕಿವಿಗೆ ಹೂ ಇಟ್ಟಿದಾನೆ. ನೀನು ಇಡಿಸ್ಕೊಂಡು ಬಂದಿದೀಯ!"

ಫ್ರೀಡ್‌ಲಿಂಡೆ ಹಾಲೆಂಡಿನ ಪ್ಲೇಟನ್ನು ಮತ್ತೆ ಹತ್ತಿಯಲ್ಲಿ ಸುತ್ತಿದಳು. ಮರುದಿನವೇ ಪ್ಲೇಟನ್ನೂ ಒಂದು ಪೆಟ್ಟಿಗೆ ಗ್ರಾಮಫೋನನ್ನೂ ಕಾರಿಗೆ ಹಾಕಿಸಿ ನನ್ನನ್ನೂ ಕರೆದುಕೊಂಡು ಓಸ್ಟರ್‌ಜೀಲಿಗೆ ಹೊರಟಳು. ದಾರಿಯುದ್ದಕ್ಕೂ ಸಿಟ್ಟಿನಲ್ಲಿದ್ದಳು. ಮೋಸ ಹೋದ ಸಿಟ್ಟಿಗಿಂತ, ತನ್ನ ಕಿವಿಗೆ ಅನುಮಾನ ಬರಲಿಲ್ಲವಲ್ಲ ಎಂಬ ಸಿಟ್ಟು ಹೆಚ್ಚಿತ್ತೆಂದು ಕಾಣುತ್ತದೆ.

ಓನೊ ಮತ್ತೆ ಚಹಾ ಇಟ್ಟ. ಅವಳು ಮುಟ್ಟದೆ ಪ್ಲೇಟು ಹಾಕಿದಳು. ಅವನು ತಲೆ ತಗ್ಗಿಸಿ ಕೊನೆಯವರೆಗೂ ಕೇಳಿದ.

"ಹೌದು, ಇದೇ. ಇಷ್ಟು ಬೇಜಾರಿಂದು ಅಂತ ಮರೆತೇಹೋಗಿತ್ತು."

"ಹಂಗಾದ್ರೆ ನೀವು ಹಾಡಿದ್ದು ಯಾವ್ದು?"

"ವಿಲ್ಕೇದು."

ಅವನು ನಿಧಾನವಾಗಿ ಹೇಳಿದ. ವಿಲ್ಕೆ ಪೊಪಿಂಗ ಅವನ ಬೀದಿಯವನೇ, ಮೂರು ವರ್ಷ ದೊಡ್ಡವನು, ಬ್ಯಾಂಡಿನಲ್ಲಿ ಸಣ್ಣ ಕೊಳಲು ನುಡಿಸುತ್ತಿದ್ದ. ಓನೊ ಡ್ರಮ್ಮಿನವನು. ಯುದ್ಧಕ್ಕೆ ಹೋದಮೇಲೆ ಬ್ಯಾಂಡಿನವರೆಲ್ಲ ಗಾಯಾಳುಗಳನ್ನು ಹೊರುವವರಾದರು. ೧೯೧೫ರ ಚಳಿಗಾಲದಲ್ಲಿ ಫ್ರಾನ್ಸಿನ ಒಂದು ದನದ ಕೊಟ್ಟಿಗೆಯಲ್ಲಿ ಐದು ವಾರ ಕಳೆದರು. ಅಲ್ಲಿ ವಿಲ್ಕೆ ಈ ಧಾಟಿ ಕಟ್ಟಿದ. ಓನೊ ಊಟದ ಡಬ್ಬಿಯ ಮೇಲೆ ತಾಳ ಹಾಕಿದ. ದಳದ ಮಾರ್ಚಿನ ಎರಡನೆಯ ಭಾಗ ಯಾರಿಗೂ ಸೇರುತ್ತಿರಲಿಲ್ಲ, ಊರಿಗೆ ಹೋದಮೇಲೆ ಅದನ್ನು ಕಿತ್ತುಹಾಕಿ ಇದನ್ನೇ ನುಡಿಸಲು ಬ್ಯಾಂಡ್‌ಮಾಸ್ತರನ್ನು ಒಪ್ಪಿಸಬೇಕೆಂದು ಇಬ್ಬರೂ ಮಾತಾಡಿಕೊಂಡಿದ್ದರು. ಮರುವರ್ಷ ಆಗಸ್ಟಿನಲ್ಲಿ ಒಬ್ಬ ಗಾಯಾಳುವನ್ನು ಹೊತ್ತು ತರುವಾಗ ವಿಲ್ಕೆ ಸತ್ತ. ಡೋಲಿಯ ಹಿಂದಿನ ತುದಿ ಹಿಡಿದಿದ್ದವನು ಓನೊ.

"ಅವನಿಗೆ ಬರೆಯೋಕೆ ಬರ್ತಿರ್ಲಿಲ್ಲ. ಸ್ವರ ಬರೆಯೋಕೆ, ಅಂದ್ರೆ. ನಂಗೂ ಬರಲ್ಲ" ಎಂದ ಓನೊ. "ನೀವು ಬಂದ್ರಿ, ಕೈಯಲ್ಲಿ ಪೆನ್ಸಿಲ್ ಇತ್ತು."

"ನನಗೆ ನಿಜ ಹೇಳ್ಬಹುದಿತ್ತಲ್ಲ?"

"ನಿಜ ಹೇಳಿದ್ರೆ ಬರ್ಕೊಳ್ತಿದ್ರಾ?"

ಫ್ರೀಡ್‌ಲಿಂಡೆ ಪ್ಲೇಟಿನ ಮೇಲಿಂದ ಮುಳ್ಳನ್ನು ಎತ್ತಿಟ್ಟಳು. "ಇಲ್ಲ" ಎಂದಳು.

"ಮತ್ತೆ! ನನ್ನನ್ನ ಸುಳ್ಳ ಅಂತ ಬೈಯಿರಿ, ಬೈಸ್ಕೊಳ್ತೀನಿ. ಅದನ್ನ ಮಾತ್ರ ಅಳಿಸ್ಬೇಡಿ ಕಣಮ್ಮ."

ಹ್ಯಾಂಬರ್ಗಿಗೆ ಮರಳಿದ ಮೇಲೆ ಅವಳಿಗೂ ಹಾರ್ಬೆಕ್‌ಗೂ ನಡೆದ ಜಗಳ ಪಕ್ಕದ ಕೋಣೆಯಲ್ಲಿದ್ದ ನನಗೆ ಚೆನ್ನಾಗಿಯೇ ಕೇಳಿಸಿತು. ಮೊದಮೊದಲು ಕೂಗಾಡಿದ ಹಾರ್ಬೆಕ್, ಸ್ವಲ್ಪ ಹೊತ್ತಿನಲ್ಲೇ ದನಿ ತಗ್ಗಿಸಿದ. ಆ ಪ್ಲೇಟು ಇರುವುದು ಒಂದೇ, ಅದೂ ನಮ್ಮ ಹತ್ತಿರ; ಹಾಲೆಂಡಿನ ಡಾಕ್ಟರಿಗೆ ಏನಾದರೂ ಹೇಳಿ ಸಮಾಧಾನ ಮಾಡಬಹುದು. ಮುದುಕನ ಧಾಟಿ ಕೇಳಲು ಚೆಂದ. ಹಾಗೇ ಬಿಟ್ಟುಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ?

"ನನಗೆ ಗೊತ್ತಿದೆಯಲ್ಲ. ದಳದ ಮಾರ್ಚ್ ಇದ್ದಂಗೇ ಹೋಗ್ಲಿ, ಬೇಜಾರಿಂದಾದ್ರೂ ಅದು ಅವರ್ದು. ನಮ್ಮ ಪ್ಲೇಟಿನ ಎರಡನೇ ಮಗ್ಗುಲಲ್ಲಿ ಎರಡೂವರೆ ನಿಮಿಷ ಜಾಗ ಇದೆ. ವಿಲ್ಕೇದನ್ನ ಬೇರೆಯಾಗಿ ಅಲ್ಲಿ ಹಾಕೋಣ. ಅವನ ಹೆಸರಲ್ಲಿ."

"ಯಾರೀ ವಿಲ್ಕೆ ಅಂತ ಕೇಳಿದ್ರೆ?"

"ಕೊಳಲು ನುಡಿಸ್ತಿದ್ದೋನು ಅಂತ ಬರೀರಿ."

ಒಪ್ಪಿಸಲು ಮೂರು ದಿನ ಹಿಡಿಯಿತು. ಬ್ಯಾಂಡನ್ನು ಇನ್ನೊಂದು ದಿನ ಕರೆಸಬೇಕಾಯಿತು, ಅಚ್ಚು ತಡವಾಯಿತು, ಹಾರ್ಬೆಕ್ ಒಂದು ತಿಂಗಳು ಅವಳ ಜೊತೆ ನೆಟ್ಟಗೆ ಮಾತಾಡಲಿಲ್ಲ.

ಧ್ವನಿಮುದ್ರಣದ ಆ ದಿನ ಓನೊ ರೈಲಿನಲ್ಲಿ ಬಂದ, ಕಪ್ಪು ಕೋಟು ಹಾಕಿಕೊಂಡು. ಡ್ರಮ್ಮು ನುಡಿಸುತ್ತೀರಾ ಎಂದು ಕೇಳಿದಾಗ ಕೈ ನಡುಗುತ್ತದೆ ಎಂದ. ಸ್ಟುಡಿಯೋದ ಗಾಜಿನ ಈಚೆ ನನ್ನ ಪಕ್ಕದಲ್ಲೇ ಕೂತ. ಕೊಳಲು ಶುರುವಾದಾಗ ಕಣ್ಣೀರು ಹಾಕುತ್ತಾನೇನೋ ಎಂದುಕೊಂಡಿದ್ದೆ. ಅವನು ಹುಬ್ಬು ಗಂಟಿಕ್ಕಿ ಗಮನವಿಟ್ಟು ಕೇಳಿದ.

"ಓಡ್ತಿದಾರೆ. ಸ್ವಲ್ಪ ನಿಧಾನ ಅಂತ ಹೇಳಿ. ಕೆಸರಲ್ಲಿ ನಡೆಯೋರಿಗೆ ಕಟ್ಟಿದ್ದು ಅದು" ಎಂದ.

ಫ್ರೀಡ್‌ಲಿಂಡೆ ಬಾಗಿಲು ತೆಗೆದು ಹೋಗಿ ಬ್ಯಾಂಡ್‌ಮಾಸ್ತರನಿಗೆ ಹೇಳಿದಳು. ಎರಡನೆಯ ಸಲ ಓನೊ ತಲೆಯಾಡಿಸಿದ.

ಪ್ಲೇಟು ಶರತ್ಕಾಲದಲ್ಲಿ ಹೊರಬಂತು. ಮಾರಾಟ ಅಷ್ಟಕ್ಕಷ್ಟೇ. ಪತ್ರಿಕೆಯೊಂದು ಇಂಥವನ್ನೆಲ್ಲ ಈಗ ಯಾಕೆ ಹೊರಗೆ ತರಬೇಕು ಎಂದು ಬರೆಯಿತು. ವಿಲ್ಕೆಯ ಹೆಸರನ್ನು ಯಾರೂ ಎತ್ತಲಿಲ್ಲ.

ಕ್ರಿಸ್ಮಸ್ ಕಳೆದ ಮೇಲೆ ಎಮ್ಡನ್ ಊರಿನಿಂದ ಕಂಪನಿಗೆ ಒಂದು ಪತ್ರ ಬಂತು. ಬರೆದವಳು ಗೆಸ್ಕೆ ಎಂಬ ಹೆಂಗಸು, ವಿಲ್ಕೆಯ ತಂಗಿಯ ಮಗಳು. ತನ್ನ ಸೋದರಮಾವನ ಒಂದು ಫೋಟೋ ಬಿಟ್ಟರೆ ಮನೆಯಲ್ಲಿ ಏನೂ ಇಲ್ಲ, ಅವನು ಸಂಗೀತ ಕಟ್ಟಿದ್ದ ಎಂದು ಅಮ್ಮ ಒಂದು ದಿನವೂ ಹೇಳಲಿಲ್ಲ, ನಿಮಗೆ ಇದು ಎಲ್ಲಿ ಸಿಕ್ಕಿತು ಎಂದು ಕೇಳಿದ್ದಳು.

ಹಾರ್ಬೆಕ್ ಎರಡು ಸಾಲಿನ ಉತ್ತರ ಟೈಪು ಮಾಡಿಸಿದ್ದ. ಫ್ರೀಡ್‌ಲಿಂಡೆ ಅದನ್ನು ಕಳಿಸಲು ಬಿಡದೆ, ಪತ್ರವನ್ನು ಓನೊನಿಗೆ ಕೊಟ್ಟು ಬಂದಳು. ಅವನು ಉತ್ತರ ಬರೆಯಲು ಹನ್ನೊಂದು ದಿನ ತೆಗೆದುಕೊಂಡನಂತೆ. ಏನು ಬರೆದನೋ ನಮಗೆ ತಿಳಿಯದು. ವಸಂತದಲ್ಲಿ ಗೆಸ್ಕೆ ಅವನ ಮನೆಗೆ ಬಂದು ಎರಡು ದಿನ ಉಳಿದು ಹೋದಳೆಂದು ಅವನೇ ಒಂದು ಕಾರ್ಡಿನಲ್ಲಿ ತಿಳಿಸಿದ.