ಬಾಗಿಲಲ್ಲೇ ನಿಂತ ಕೊಬ್ಬು

ಅವಳ ಮೈಯಲ್ಲಿ ಒಂದು ಕಿಣ್ವ ಸಾಕಷ್ಟು ಇರಲಿಲ್ಲ. ಕೊಬ್ಬನ್ನು ಜೀವಕೋಶದ ಒಲೆಯಾದ ಮೈಟೊಕಾಂಡ್ರಿಯದೊಳಕ್ಕೆ ದಾಟಿಸುವುದು ಆ ಕಿಣ್ವದ ಕೆಲಸ. ಅದಿಲ್ಲದೆ ಕೊಬ್ಬು ಬಾಗಿಲಲ್ಲೇ ಬಿದ್ದಿರುತ್ತಿತ್ತು. ದೂರ ಈಜುವಾಗ ಸ್ನಾಯುಗಳು ಬರೀ ಸಕ್ಕರೆಯಲ್ಲಿ ಹೊಟ್ಟೆ ಹೊರೆಯಬೇಕಿತ್ತು. ಸಕ್ಕರೆ ಮುಗಿದ ಮೇಲೂ ದುಡಿಸಿದರೆ ಸ್ನಾಯು ಬಿಗಿದು, ಒಡೆದು, ಮೂತ್ರಪಿಂಡಕ್ಕೇ ಕುತ್ತು. ವೈದ್ಯೆ ಇದನ್ನು ವಿವರಿಸಿದಾಗ ಬಸ್ ಓಡಿಸುವ ಅಣ್ಣ ಗಂಭೀರವಾಗಿ ತಲೆಯಾಡಿಸಿದ್ದ.

"ಇವಳ ಕೊಬ್ಬು ಕರಗೋದಿಲ್ಲ ಅಂತ ಚಿಕ್ಕಂದಿನಿಂದ ಹೇಳ್ತಾನೇ ಇದ್ದೀನಿ, ಡಾಕ್ಟ್ರೇ."

ಆಸ್ಪತ್ರೆಯ ಹೊದಿಕೆಗಳಿಗೆ ದಿನವಿಡೀ ಇಸ್ತ್ರಿ ಹಾಕುವ ತಂಗಿಗೆ ಇದ್ದದ್ದು ಒಂದೇ ಹುಚ್ಚು: ಊರಾಚೆಯ ಸರೋವರವನ್ನು ಸ್ಪರ್ಧೆಯಲ್ಲಿ ಈಜಿ ದಾಟುವುದು. ವೈದ್ಯೆ ಗೊಣಗುತ್ತಲೇ ಒಪ್ಪಿದರು. ಆಗಾಗ ಸಿಹಿ ತಿನ್ನಬೇಕು, ತೊಡೆ ಬಿಗಿದರೆ ಅಲ್ಲಿಗೇ ನಿಲ್ಲಿಸಬೇಕು. ಈಜುವವರ ಪಕ್ಕದಲ್ಲಿ ಸಾಗುವ ದೋಣಿಯನ್ನು ಮುಟ್ಟಿದವರು ಹೊರಗೆ ಎಂಬುದು ಸ್ಪರ್ಧೆಯ ನಿಯಮ. ಹಾಗಾಗಿ ಅಣ್ಣ ಉದ್ದನೆಯ ಕೋಲಿಗೆ ಸೌಟು ಕಟ್ಟಿ, ಬಾಳೆಹಣ್ಣಿನ ಬುಟ್ಟಿ, ಸಕ್ಕರೆ ನೀರಿನ ಬಾಟಲಿಗಳ ಸಮೇತ ದೋಣಿ ಹತ್ತಿದ.

ಅರ್ಧ ದಾರಿ ಅವಳು ನಗುತ್ತಲೇ ಈಜಿದಳು. ಸೌಟು ಬಾಯಿಗೆ ಬರುವ ಬದಲು ಮೂಗಿಗೆ ಬರುತ್ತಿತ್ತು. ಪ್ರತಿವರ್ಷ ಗೆಲ್ಲುವ ಅಂಚೆಯವನನ್ನು ಹಿಂದೆ ಹಾಕಿದಾಗ ದೋಣಿಯವನೇ ಹುಟ್ಟು ಬಿಟ್ಟು ಚಪ್ಪಾಳೆ ತಟ್ಟಿದ. ದಡದ ಜನರ ಮುಖ ಕಾಣಿಸತೊಡಗಿತು. ಅವಳು ಬಾಯಿ ತೆರೆದಳು. ಸೌಟು ಖಾಲಿ ಬಂತು.

"ಹಣ್ಣೆಲ್ಲೋ?"

ಅಣ್ಣನ ಕೆನ್ನೆ ಉಬ್ಬಿತ್ತು. "ನೀನು ಮುಳುಗಿಬಿಡ್ತೀಯೇನೋ ಅಂತ ಭಯ ಆಯ್ತು ಕಣೇ. ಭಯ ಆದ್ರೆ ನಾನು ತಿಂತೀನಿ, ನಿಂಗೆ ಗೊತ್ತಲ್ಲ."

"ಸಕ್ಕರೆ ನೀರಾದ್ರೂ ಕೊಡು."

"ಹಣ್ಣು ಗಂಟಲಲ್ಲಿ ಸಿಕ್ಕೊಂಡಿತ್ತು."

ಅವಳಿಗೆ ಸಿಟ್ಟು ಬರಬೇಕಿತ್ತು, ಬಂದದ್ದು ನಗು. ನಕ್ಕು ಸರೋವರದ ನೀರು ಕುಡಿದಳು. ಅಷ್ಟರಲ್ಲಿ ತೊಡೆ ಹಲಗೆಯಂತೆ ಬಿಗಿಯಿತು. ಇನ್ನೊಂದಿಷ್ಟು ಕೈ ಬೀಸಿದರೆ ಪದಕ. ಬೀಸಿದರೆ ಮೂತ್ರಪಿಂಡದ ಗತಿ ದೇವರೇ ಬಲ್ಲ. ಮುಟ್ಟೇ ನಮ್ಮಮ್ಮ, ಮುಟ್ಟೇ ಎಂದು ಅಣ್ಣ ಅಳತೊಡಗಿದ. ಅವಳು ದೋಣಿಯ ಅಂಚು ಹಿಡಿದಳು. ದಡದಲ್ಲಿ ಸೀಟಿ ಊದಿದರು.

ಎತ್ತಿಕೊಳ್ಳಲು ಬಗ್ಗಿದ ಅಣ್ಣನ ಹೊಟ್ಟೆಯ ಭಾರಕ್ಕೆ ದೋಣಿ ವಾಲಿ, ಅವನು ದೋಣಿಯವನ ತಲೆಗೆ ಜೋತು ಬಿದ್ದು, ಟೋಪಿ ಸಮೇತ ನೀರಿಗುರುಳಿದ. ಉರುಳಿದವನು ಎದ್ದು ನಿಂತ. ನೀರು ಅವನ ಸೊಂಟದವರೆಗೆ ಮಾತ್ರ ಇತ್ತು. ನಿಂತು ದಣಿವಾರಿಸಿಕೊಳ್ಳಬಾರದು ಎಂಬ ನಿಯಮವೇನೂ ಸ್ಪರ್ಧೆಯಲ್ಲಿರಲಿಲ್ಲ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದವಳನ್ನು ಅಣ್ಣ ಬೆನ್ನ ಮೇಲೆ ಹೊತ್ತು ದಡ ಸೇರಿಸಿದ. ವೈದ್ಯೆ ಅವಳ ಮೂತ್ರ ಪರೀಕ್ಷಿಸಿದರು: ಕೆಂಪಿಲ್ಲ, ಕಪ್ಪಿಲ್ಲ, ತಿಳಿಯಾಗಿತ್ತು; ಸ್ನಾಯು ಒಡೆದಿರಲಿಲ್ಲ.

ಕಳೆದದ್ದು ಪದಕ ಒಂದು, ಅಣ್ಣನ ಚಪ್ಪಲಿ ಒಂದು, ದೋಣಿಯವನ ಟೋಪಿ ಒಂದು.