ಕೆಂಪು ಕಾಲುಚೀಲ

ಮಧ್ಯಾಹ್ನ ಮೂರಾದರೂ ಕಂಪ್ಯೂಟರಿನೊಳಗೆ ಸೃಷ್ಟಿಸಿದ ಮೂರು ವರ್ಚುವಲ್ ಯಂತ್ರಗಳು ಒಂದುಗೂಡಿರಲಿಲ್ಲ. ಡೇಟಾಬೇಸನ್ನು ಮೂರು ಕಡೆ ಇಟ್ಟು ಪರೀಕ್ಷಿಸುವುದು ಹೆರಿಗೆ ರಜೆ ಮುಗಿಸಿ ಬಂದವಳ ಮೊದಲ ಕೆಲಸ. ಸಂಜೆಯೊಳಗೆ ಆಗದಿದ್ದರೆ ಅದು ಬೇರೆಯವರ ಪಾಲು. ಅವಸರದಲ್ಲಿ ಒಂದು ಯಂತ್ರ ಸಿದ್ಧಪಡಿಸಿ, ಅದರದೇ ಎರಡು ನಕಲು ಮಾಡಿದ್ದಳು.

ಆಗ ಗಂಡನ ಫೋನು ಬಂತು.

“ಬೈಬೇಡ ಕಣೇ. ದೊಡ್ಡವನಿಗೇ ಎರಡು ಸಲ ಹಾಲು ಕುಡಿಸಿಬಿಟ್ಟೆ. ಚಿಕ್ಕವನು ಸೂರು ಹಾರೋ ಹಾಗೆ ಅಳ್ತಿದಾನೆ.”

“ಅಪ್ಪ ಆಗಿ ಅವಳಿಗಳ ಗುರುತೂ ಸಿಗಲ್ವಾ?”

“ಇಬ್ರಿಗೂ ಒಂದೇ ಥರ ಅಂಗಿ ಹಾಕಿ ಹೋದೋಳು ನೀನೇ, ಮಹಾತಾಯಿ!”

ನಗುತ್ತಲೇ ಅವಳು ತಟ್ಟನೆ ಪರದೆಯತ್ತ ತಿರುಗಿದಳು. ನಕಲುಗಳ ನೆಟ್‌ವರ್ಕ್ ವಿಳಾಸ ಬದಲಿಸಲು ಮರೆತಿದ್ದಳು. ಮೂರಕ್ಕೂ ಒಂದೇ ವಿಳಾಸವಿತ್ತು. ಬೇರೆ ಬೇರೆ ಕೊಟ್ಟೊಡನೆ ಮೂರೂ ಪರಸ್ಪರ ಗುರುತು ಹಿಡಿದು ಕೂಡಿಕೊಂಡವು.

ಸಂಜೆ ಮನೆಗೆ ಹೋದವಳೇ ಚಿಕ್ಕವನಿಗೆ ಕೆಂಪು ಕಾಲುಚೀಲ ಹಾಕಿದಳು.